ಹತ್ತು ದಾಟಿದ ಬೆಕ್ಕಿಗೂ ಬಿಪಿ ನೋಡಿಸಿ

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಹತ್ತು ವರ್ಷ ದಾಟಿದ ಬೆಕ್ಕು ಇರುವವರು ರೇಡಿಯೋ ಸ್ವಲ್ಪ ಜೋರು ಮಾಡಿಕೊಳ್ಳಿ. ನಾನು ಹೇಳುವುದು ಒಂದೇ ಮಾತು. ಅದರ ಬಿಪಿ ನೋಡಿಸಿ, ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ ಅಂತ ನೋಡಿಸಿ. ಬೆಕ್ಕಿಗೂ ಬಿಪಿನಾ ಅಂತ ನಗಬೇಡಿ. ಬರುತ್ತದೆ.

ಬೆಕ್ಕಿನ ಎರಡು ಮೂತ್ರಪಿಂಡಗಳ ಪಕ್ಕದಲ್ಲೂ ಅಡ್ರಿನಲ್ ಅಂತ ಒಂದೊಂದು ಪುಟ್ಟ ಗ್ರಂಥಿ ಇದೆ. ಉದ್ದ ಸುಮಾರು ಒಂದು ಸೆಂಟಿಮೀಟರ್, ಅಷ್ಟೇ. ಅದರಲ್ಲಿ ಗಡ್ಡೆ ಬೆಳೆದರೆ ಕೆಲವು ಸಲ ಆಲ್ಡೊಸ್ಟಿರಾನ್ ಎಂಬ ಹಾರ್ಮೋನು ಜಾಸ್ತಿಯಾಗುತ್ತದೆ. ಆಗ ಉಪ್ಪು ಮೈಯಲ್ಲೇ ನಿಲ್ಲುತ್ತದೆ, ಬಿಪಿ ಏರುತ್ತದೆ. ಪೊಟ್ಯಾಸಿಯಂ ಮೂತ್ರದಲ್ಲಿ ಹೊರಟುಹೋಗುತ್ತದೆ, ಅದು ಕಡಿಮೆಯಾದರೆ ಕತ್ತು, ಕಾಲುಗಳ ಸ್ನಾಯುಗಳಲ್ಲಿ ಶಕ್ತಿ ಇರುವುದಿಲ್ಲ. ಮನುಷ್ಯರಲ್ಲಿ ಇದನ್ನು 1955ರಲ್ಲಿ ಅಮೆರಿಕದ ಡಾಕ್ಟರ್ ಜೆರೋಮ್ ಕಾನ್ ವಿವರಿಸಿದರು. ಬೆಕ್ಕಿನಲ್ಲಿ ಇದೆ ಅಂತ ವರದಿಯಾಗಿದ್ದು 1983ರಲ್ಲಿ.

ನಮ್ಮಲ್ಲಿಗೆ ಸುಂದರಿ ಅಂತ ಒಂದು ಬೆಕ್ಕು ಬಂದಿತ್ತು. ನಿವೃತ್ತ ಟೀಚರ್ ಒಬ್ಬರದು. ಹದಿಮೂರು ವರ್ಷ. ತಲೆ ಎತ್ತಲಾಗದೆ ಗದ್ದವನ್ನು ಎದೆಗೆ ಒತ್ತಿಕೊಂಡು ಕೂತಿತ್ತು. "ವಯಸ್ಸಾಯ್ತಲ್ಲ ಡಾಕ್ಟ್ರೇ, ಕತ್ತು ಉಳುಕಿರಬೇಕು, ಎಣ್ಣೆ ಹಚ್ಚಿದೀನಿ" ಅಂದರು. ಸದ್ಯ, ಎಣ್ಣೆ ಹಚ್ಚಿದ್ದರು! ಕೆಲವರು ಪ್ಯಾರಾಸಿಟಮಾಲ್ ಕೊಟ್ಟುಬಿಡುತ್ತಾರೆ. ಬೆಕ್ಕಿಗೆ ಅದು ವಿಷ, ದಯವಿಟ್ಟು ಕೊಡಬೇಡಿ. ಕಿಟಕಿಗೆ ಹಾರುವುದನ್ನು ಯಾವಾಗ ಬಿಟ್ಟಿತು ಅಂತ ಕೇಳಿದೆ. ದೀಪಾವಳಿಗೆ ಮುಂಚೆಯೇ ಅಂದರು. ನನ್ನ ಹತ್ತಿರ ಬಂದಾಗ ಶಿವರಾತ್ರಿ ಕಳೆದಿತ್ತು. ಪೊಟ್ಯಾಸಿಯಂ 2.4, ಇರಬೇಕಾದ್ದು ಮೂರೂವರೆಯ ಮೇಲೆ. ಬಿಪಿ 210, ನೂರಅರವತ್ತು ದಾಟಿದರೇ ನಮಗೆ ಚಿಂತೆ. ಪೊಟ್ಯಾಸಿಯಂ ಅಂದ ಕೂಡಲೇ ಟೀಚರ್ ಮುಖ ಅರಳಿತು. "ಎಳನೀರು ಕುಡಿಸಲಾ?" ಅಂತ ಕೇಳಿದರು. ಬೆಕ್ಕಿಗೆ ಎಳನೀರು! ಗಡ್ಡೆ ಹಾಗೇ ಇರುವಾಗ ಅದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ ಅಂದೆ. ಸ್ಕ್ಯಾನಿಂಗಿನಲ್ಲಿ ಎಡಗಡೆಯ ಗ್ರಂಥಿಯಲ್ಲಿ ಗಡ್ಡೆ ಕಂಡಿತು. ಮೊದಲು ಮಾತ್ರೆ ಕೊಟ್ಟು ಬಿಪಿ ಇಳಿಸಿ, ಪೊಟ್ಯಾಸಿಯಂ ಏರಿಸಿ, ಆಮೇಲೆ ಆಪರೇಷನ್ ಮಾಡಿ ಆ ಗ್ರಂಥಿ ತೆಗೆಸಿದೆವು. ಸುಂದರಿ ಮತ್ತೆ ಕಿಟಕಿ ಹತ್ತಿತು. ಪಕ್ಕದ ಮನೆಯ ಹಾಲಿಗೂ ಬಾಯಿ ಹಾಕಿತಂತೆ, ದೂರು ನನ್ನವರೆಗೂ ಬಂತು.

ಸುಂದರಿಯ ಕಥೆಯೇ ಸಮಯ ತಿಂದುಬಿಟ್ಟಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಆಪರೇಷನ್ ಆಗದಿದ್ದರೆ ಸ್ಪೈರೊನೊಲ್ಯಾಕ್ಟೋನ್, ಆಮ್ಲೊಡಿಪಿನ್ ಮಾತ್ರೆ ಇವೆ, ಡೋಸ್ ಡಾಕ್ಟರೇ ಹೇಳಬೇಕು. ಕಿಡ್ನಿ ಕಾಯಿಲೆಯಲ್ಲೂ ಹೀಗೇ ಆಗುತ್ತದೆ. ಅದಕ್ಕೇ ಕಿಡ್ನಿ ಅಂತ ಹೇಳಿ ಕಳಿಸಿದರೆ, ಅಡ್ರಿನಲ್ ನೋಡಿದಿರಾ ಅಂತ ಕೇಳಿ. ಬೆಕ್ಕು ಇದ್ದಕ್ಕಿದ್ದಂತೆ ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದರೆ ಬಿಪಿಯಿಂದ ಕಣ್ಣು ಹೋಗಿರಬಹುದು. ಅವತ್ತೇ ಓಡಿ, ನಾಳೆ ಅನ್ನಬೇಡಿ.

ಬಿಪಿ ನೋಡುವುದು ಕಷ್ಟವಲ್ಲ. ಮುಂಗಾಲಿಗೋ ಬಾಲಕ್ಕೋ ಚಿಕ್ಕ ಪಟ್ಟಿ ಸುತ್ತುತ್ತೇವೆ. ಬೆಕ್ಕನ್ನು ಬುಟ್ಟಿಯಲ್ಲಿಟ್ಟು, ಮೇಲೊಂದು ಬಟ್ಟೆ ಮುಚ್ಚಿ ತನ್ನಿ, ನಾಯಿಗಳ ಪಕ್ಕ ಕೂರಬೇಡಿ. ಹೆದರಿದ ಬೆಕ್ಕಿನ ಬಿಪಿ ಸುಮ್ನೆ ಏರುತ್ತದೆ, ಆಮೇಲೆ ನಾವು ಇನ್ನೊಂದು ಸಲ ನೋಡಬೇಕಾಗುತ್ತದೆ. ನಮಸ್ಕಾರ.