ನಿಂಬೆಹಣ್ಣು ಮತ್ತು ಅಹ್ಮದ್ ಖಾನ್

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನಲ್ಲಿ ಮೂವತ್ತು ವರ್ಷದಿಂದ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತಿದ್ದೇನೆ. ಇವತ್ತು ಅಹ್ಮದ್ ಖಾನ್ ಬಗ್ಗೆಯೇ ಮಾತಾಡುತ್ತೇನೆ ಅಂತ ಹಟ ಹಿಡಿದು ಬಂದಿದ್ದೇನೆ. ನನ್ನದು ಒಂದೇ ಮಾತು. ಅದನ್ನ ಮೊದಲೇ ಹೇಳಿಬಿಡುತ್ತೇನೆ, ಆಮೇಲೂ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಎಂಬತ್ತೈದು ದಾಟಿದ ಹಿರಿಯರಿದ್ದರೆ, "ನೀವು ಅಹ್ಮದ್ ಖಾನ್ ಆಟ ನೋಡಿದ್ದೀರಾ?" ಅಂತ ಕೇಳಿ. ಅವರು ಹೇಳಿದ್ದನ್ನ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಿ.

ಯಾರು ಈ ಅಹ್ಮದ್ ಖಾನ್? ನಮ್ಮ ಊರಿನವರೇ. 1926ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದರು. ಅವರು ಹುಡುಗನಾಗಿದ್ದಾಗ, 1937 ಮತ್ತು 1938ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ ಎರಡು ವರ್ಷವೂ ರೋವರ್ಸ್ ಕಪ್ ಅನ್ನೋ ದೊಡ್ಡ ಪಂದ್ಯಾವಳಿ ಗೆದ್ದು ಬಂದಿತ್ತು. ಅಂಥ ಊರಿನಲ್ಲಿ ಬೆಳೆದ ಹುಡುಗ ಬರಿಗಾಲಲ್ಲಿ ಚೆಂಡಿನ ಹಿಂದೆ ಬಿದ್ದ. 1948ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಫ್ರಾನ್ಸ್ ಮೇಲೆ ಆಡಿದ ನಮ್ಮವರಲ್ಲಿ ಹೆಚ್ಚಿನವರು ಬೂಟು ಹಾಕಿರಲಿಲ್ಲ. ನಮ್ಮ ಕಡೆಯಿಂದ ರಾಮನ್ ಗೋಲು ಹೊಡೆದರು. ಸಿಕ್ಕ ಎರಡು ಪೆನಾಲ್ಟಿ ಕೈತಪ್ಪಿದವು. ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಹೊಡೆದು 2-1ರಲ್ಲಿ ಗೆದ್ದಿತು. ಸೋತರೂ ಇಂಗ್ಲೆಂಡಿನ ಜನ ಈ ಬರಿಗಾಲಿನವರನ್ನ ಬಾಯಿ ತುಂಬ ಹೊಗಳಿದರು.

ಮುಂದಿನ ವರ್ಷ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇ. ಮುಂದೆ ನಿಂತು ಆಡುವ ಐದು ಜನ. ಕಲ್ಕತ್ತೆಯವರು ಇವರನ್ನ ಪಂಚಪಾಂಡವರು ಅಂತಲೇ ಕರೆದರು. 1949ರ ಒಂದೇ ವರ್ಷದಲ್ಲಿ ಕಲ್ಕತ್ತೆಯ ಲೀಗ್, ಅಲ್ಲಿನದೇ ಇನ್ನೊಂದು ಪಂದ್ಯಾವಳಿ ಐಎಫ್‌ಎ ಶೀಲ್ಡ್, ರೋವರ್ಸ್ ಕಪ್, ಮೂರೂ ಈಸ್ಟ್ ಬೆಂಗಾಲ್‌ಗೆ ಬಂದವು. ಅಹ್ಮದ್ ಖಾನ್‌ಗೆ ಅಭಿಮಾನಿಗಳು ಇಟ್ಟ ಹೆಸರು ಹಾವಾಡಿಗ. ಚೆಂಡು ಅವರ ಕಾಲಿನ ಮುಂದೆ ಪುಂಗಿ ಕೇಳಿದ ಹಾವಿನ ಹಾಗೆ ಆಡುತ್ತಿತ್ತಂತೆ.

ಹೇಗೆ ಆಡುತ್ತಿತ್ತು? ಅದನ್ನ ನನಗೆ ತೋರಿಸಿದವರು ನಮ್ಮ ದೊಡ್ಡಪ್ಪ. ಇದನ್ನ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಆಗ ನನಗೆ ಹದಿಮೂರು ವರ್ಷ. ಮೊದಲ ಸಲ ಬೂಟು ಕೊಡಿಸಿದ್ದರು. ಅದನ್ನ ಹಾಕಿಕೊಂಡು ಮನೆಯೊಳಗೆಲ್ಲ ಟಕಟಕ ಅಂತ ಓಡಾಡುತ್ತಿದ್ದೆ. ದೊಡ್ಡಪ್ಪ ಫಿಟ್ಟರ್ ಕೆಲಸ ಮುಗಿಸಿಕೊಂಡು ಬಂದು ಕೂತಿದ್ದರು. "ಬಿಚ್ಚೋ ಅದನ್ನ, ಬಾ ಇಲ್ಲಿ" ಅಂದರು. ಬುಟ್ಟಿಯಿಂದ ಒಂದು ನಿಂಬೆಹಣ್ಣು ತೆಗೆದು ಕೆಂಪು ನೆಲದ ಮೇಲೆ ಇಟ್ಟರು. ಪಂಚೆ ಎತ್ತಿ ಕಟ್ಟಿದರು. ಬಲಗಾಲಿನ ಅಂಗಾಲನ್ನ ಹಣ್ಣಿನ ಮೇಲೆ ಇಟ್ಟರು, ಒತ್ತಲಿಲ್ಲ, ಸುಮ್ನೆ ಮುಟ್ಟಿಸಿದರು. "ನೀನು ನನ್ನಿಂದ ಕಿತ್ಕೊಳ್ಳೋ" ಅಂದರು.

ನಾನು ಎಡಕ್ಕೆ ನುಗ್ಗಿದೆ. ಅಷ್ಟರಲ್ಲಿ ಅವರ ಹೆಬ್ಬೆರಳು ಹಣ್ಣನ್ನ ಬಲಕ್ಕೆ ಎಳೆದಾಗಿತ್ತು. ಬಲಕ್ಕೆ ಹೋದೆ, ಅದು ಅವರ ಹಿಮ್ಮಡಿಯ ಹಿಂದೆ. ಹತ್ತು ಸಲ ನುಗ್ಗಿದೆ, ಹತ್ತು ಸಲವೂ ಸಿಗಲಿಲ್ಲ. ಐವತ್ತೈದು ದಾಟಿದ ಮನುಷ್ಯ, ನಿಂತ ಜಾಗ ಬಿಟ್ಟು ಕದಲಲಿಲ್ಲ. "ಇದು ನಂದಲ್ಲ ಕಣೋ. ಅಹ್ಮದ್ ಖಾನ್‌ದು. ಅವನು ಓಡ್ತಾ ಇರ್ಲಿಲ್ಲ, ಕಾಯ್ತಾ ಇದ್ದ. ಎದುರಿಗಿರೋನು ಮೊದಲು ಕಾಲು ಹಾಕ್ಲಿ ಅಂತ ಕಾಯ್ತಾ ಇದ್ದ" ಅಂದರು. ಅಹ್ಮದ್ ಖಾನ್ ಕಲ್ಕತ್ತೆಗೆ ಹೋಗುವ ಮೊದಲು ಇಲ್ಲಿ ಆಡುತ್ತಿದ್ದಾಗ ದೊಡ್ಡಪ್ಪ ಗೆಳೆಯರ ಜೊತೆ ಮರ ಹತ್ತಿ ನೋಡುತ್ತಿದ್ದರಂತೆ. ಮನೆಗೆ ಬಂದು ರಾತ್ರಿಯೆಲ್ಲ ಅದನ್ನೇ ಆಡಿ ನೋಡುತ್ತಿದ್ದರಂತೆ. ನಾವು ಆಡುತ್ತಾ ಆಡುತ್ತಾ ಹಣ್ಣು ಒಡೆದುಹೋಯಿತು. ಚಿತ್ರಾನ್ನಕ್ಕೆ ಅಂತ ಇಟ್ಟಿದ್ದ ಹಣ್ಣದು. ದೊಡ್ಡಮ್ಮ ಇಬ್ಬರನ್ನೂ ಬೈದರು.

ಇವತ್ತಿಗೂ ನನ್ನ ಹತ್ತಿರ ಬರುವ ಮಕ್ಕಳಿಗೆ ಮೊದಲ ವಾರ ಬೂಟು ಬಿಚ್ಚಿಸುತ್ತೇನೆ. ಅಂಗಾಲಿಗೆ ಚೆಂಡು ಗೊತ್ತಾಗಬೇಕು. ಆದರೆ ಅಹ್ಮದ್ ಖಾನ್ ಹೆಸರು ಹೇಳಿದರೆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಮೆಸ್ಸಿ ಗೊತ್ತು, ರೊನಾಲ್ಡೊ ಗೊತ್ತು. ಇಲ್ಲಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ, ಅದೂ ಗೊತ್ತು. ಇರಲಿ, ನನಗೂ ಅವರೆಲ್ಲ ಇಷ್ಟ. ಆದರೆ ನಮ್ಮ ಊರಿನವರೇ ಆದ ಇವರು ಗೊತ್ತಿಲ್ಲ ಅಂದರೆ ನನಗೆ ತಡೆಯೋಕಾಗಲ್ಲ. "ಯೂಟ್ಯೂಬಲ್ಲಿ ನೋಡ್ತೀನಿ ಸರ್" ಅನ್ನುತ್ತಾರೆ. ಆ ಕಾಲಕ್ಕೆ ನಮ್ಮಲ್ಲಿ ಟಿವಿ ಎಲ್ಲಿತ್ತಪ್ಪ? ಆ ಆಟ ಉಳಿದಿರುವುದು ನೋಡಿದವರ ತಲೆಯಲ್ಲಿ, ದೊಡ್ಡಪ್ಪನಂಥವರ ಕಾಲಿನಲ್ಲಿ. ಅದಕ್ಕೇ ಕೇಳಿ ಅಂತ ಹೇಳುತ್ತಿರುವುದು.

ಸ್ಟುಡಿಯೋ ಗಾಜಿನ ಆಚೆಯಿಂದ ಕೈಸನ್ನೆ ಬರುತ್ತಿದೆ, ಸಮಯ ಕಮ್ಮಿ ಇದೆ. ಉಳಿದದ್ದನ್ನ ಬೇಗ ಹೇಳುತ್ತೇನೆ. 1951ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ಇವರಿದ್ದರು. 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ನಮಗೆ ಹತ್ತು ಗೋಲು ಹೊಡೆಯಿತು. ನಾವು ಹೊಡೆದದ್ದು ಒಂದು, ಅದು ಅಹ್ಮದ್ ಖಾನ್‌ದು, ಆಟ ಮುಗಿಯಲು ಒಂದೇ ನಿಮಿಷ ಇದ್ದಾಗ. ಹತ್ತು ಗೋಲು ಹಿಂದಿದ್ದರೂ ಆಟ ಬಿಡಲಿಲ್ಲ, ಅಲ್ವಾ? 2017ರ ಆಗಸ್ಟ್‌ನಲ್ಲಿ ಇದೇ ಬೆಂಗಳೂರಿನಲ್ಲಿ, ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ದೊಡ್ಡಪ್ಪ ಅದಕ್ಕಿಂತ ಎಷ್ಟೋ ಮೊದಲೇ ಹೋದರು. ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ಸಿನಿಮಾ ಹಾಡು ತುಂಬಿಸಿಕೊಂಡೆವು, ಅವರ ಮಾತು ಒಂದು ನಿಮಿಷವೂ ತುಂಬಿಸಿಕೊಳ್ಳಲಿಲ್ಲ. ನೀವು ಹಾಗೆ ಮಾಡಬೇಡಿ. ಇವತ್ತು ಸಂಜೆಯೇ ಕೇಳಿ. ಅವರು ಎದ್ದು ನಿಂತು ತೋರಿಸೋಕೆ ಶುರು ಮಾಡಿದರೆ ಫೋನನ್ನ ಮುಖಕ್ಕೆ ಹಿಡಿಯಬೇಡಿ, ಕಾಲಿಗೆ ಹಿಡಿಯಿರಿ.

ನಮಸ್ಕಾರ.