ಎಲೆಯ ಬೆನ್ನಿಗೆ ಬಣ್ಣ ಹಚ್ಚಿ

ಕೇಳುಗರಿಗೆ ನಮಸ್ಕಾರ. ದಸರಾ ರಜೆ ಬಂತು. ಚಿಕ್ಕ ಮಕ್ಕಳು "ಬೇಜಾರು, ಬೇಜಾರು" ಅಂತ ಸೆರಗು ಹಿಡಿದು ಎಳೀತಿರೋ ಅಮ್ಮಂದಿರಿಗೆ, ಅಜ್ಜಿಯರಿಗೆ ಇವತ್ತಿನ ನನ್ನ ಮಾತು: ಎಲೆಗೆ ಬಣ್ಣ ಹಚ್ಚಿ ಹಾಳೆ ಮೇಲೆ ಅಚ್ಚು ಒತ್ತೋ ಆಟ.

ಮೊದಲು ಒಂದು ಕೆಲಸ ಮಾಡಿ. ಶರತ್ಕಾಲ ಅಂದ ಕೂಡಲೇ ಮೊಬೈಲಿನಲ್ಲಿ ಕಾಣೋ ಆ ಕೆಂಪು ಮೇಪಲ್ ಎಲೇನ ಮರೆತುಬಿಡಿ. ಅದು ಚಳಿ ದೇಶದ್ದು. ನಮ್ಮ ಶರದೃತು ಆಶ್ವಯುಜ, ಕಾರ್ತಿಕ. ಮಳೆ ಕುಡಿದು ಗಿಡವೆಲ್ಲ ಹಸಿರಾಗಿ ನಿಂತಿರೋ ಕಾಲ. ನಮ್ಮ ಮರಗಳು ಬೋಳಾಗೋದು ಶಿಶಿರದಲ್ಲಿ. ಒಳ್ಳೆಯದೇ ಆಯ್ತು, ನಮಗೆ ಬೇಕಾದ್ದೂ ಹಸಿ ಎಲೆಯೇ. ಒಣಗಿದ್ದು ಒತ್ತಿದರೆ ಪುಡಿಯಾಗುತ್ತೆ.

ಸೀಬೆ ಎಲೆ ತನ್ನಿ. ನಿಮ್ಮ ಕಡೆ ಪೇರಲ ಅಂತಾರೋ, ಚೇಪೆ ಅಂತಾರೋ, ಅದೇ. ಪೋಸ್ಟರ್ ಕಲರ್‌ಗೆ ಎರಡು ಹನಿ ನೀರು ಸಾಕು. ಎಲೆಯ ಬೆನ್ನಿಗೆ ಬಣ್ಣ ಹಚ್ಚಿ. ಹೊಳೆಯೋ ಮುಖಕ್ಕಲ್ಲ, ಬೆನ್ನಿಗೆ. ಬಣ್ಣದ ಬೆನ್ನು ಹಾಳೆಗೆ ತಾಗೋ ಹಾಗೆ ಇಟ್ಟು, ಮೇಲೊಂದು ನ್ಯೂಸ್‌ಪೇಪರ್ ಹೊದಿಸಿ, ಮಗು ಅಂಗೈಲಿ ಒತ್ತಲಿ. ತೊಟ್ಟು ಹಿಡಿದು ಎತ್ತಿ. ಅಷ್ಟೇ.

ಬೆನ್ನಿಗೇ ಯಾಕೆ? ನಾನು ಮೂವತ್ತು ವರ್ಷ ಡ್ರಾಯಿಂಗ್ ಮಿಸ್ ಆಗಿದ್ದವಳು, ಇದನ್ನ ನನಗೆ ಕಲಿಸಿದ್ದು ನಾಲ್ಕು ವರ್ಷದ ಮೊಮ್ಮಗ. ಆಯುಧಪೂಜೆ ದಿನ. ಮಗ ಬೆಳಗ್ಗೆಯೇ ತನ್ನ ಬಿಳಿ ಸ್ಕೂಟರ್ ತಿಕ್ಕಿ ತೊಳೆದು, ಚೆಂಡುಹೂವಿನ ಹಾರ ಕಟ್ಟಿ, ನಿಂಬೆಹಣ್ಣು ತರೋಕೆ ಒಳಗೆ ಹೋದ. ಮೊಮ್ಮಗನ್ನ ಸುಮ್ಮನೆ ಕೂರಿಸೋಕೆ ಅಂತ ನಾನೇ ಎಲೆ, ಕೆಂಪು ಬಣ್ಣ ಕೊಟ್ಟಿದ್ದೆ. ಹೊಳೆಯೋ ಕಡೆ ಹಚ್ಚು ಪುಟ್ಟಾ ಅಂತಲೂ ಹೇಳಿದ್ದೆ. ಅವನಿಗೆ ಹಾಳೆಗಿಂತ ಸ್ಕೂಟರ್ ಚೆಂದ ಕಾಣಿಸ್ತು! ನಾವು ಬರೋ ಹೊತ್ತಿಗೆ ಆರು ಕಡೆ ಒತ್ತಿಯಾಗಿತ್ತು. ಮಗ ಕೂಗಾಡಿದ, ಸೊಸೆ ನಕ್ಕಳು. ನಾನು ಕನ್ನಡಕ ಹಾಕ್ಕೊಂಡು ಬಗ್ಗಿ ನೋಡಿದೆ. ಐದು ಬರೀ ಕೆಂಪು ಮುದ್ದೆ, ಕುಂಕುಮ ಒರೆಸಿದ ಹಾಗೆ. ಆರನೆಯದು ಮಾತ್ರ ಸಾಕ್ಷಾತ್ ಎಲೆ, ನರನರವೂ ಎದ್ದು ಬಂದಿತ್ತು. ಎಲೆ ಕೈಜಾರಿ ಬಣ್ಣದ ತಟ್ಟೆಗೆ ಬೆನ್ನಾಗಿ ಬಿದ್ದಿತ್ತಂತೆ. ಅವನು ಬೆರಳಿಟ್ಟು, "ಅಜ್ಜಿ, ಎಲೆಗೆ ಪಕ್ಕೆಲುಬು ಇದೆ" ಅಂದ. ನೋಡಿ, ನರ ಉಬ್ಬಿರೋದು ಬೆನ್ನಲ್ಲಿ. ಮುಖ ನುಣುಪು, ಅಲ್ಲಿ ಅಚ್ಚು ಹೇಗೆ ಮೂಡೀತು? ಮಗ ಒದ್ದೆಬಟ್ಟೆಯಲ್ಲಿ ಐದನ್ನ ಒರೆಸಿದ. ಆರನೆಯದನ್ನ ಮುಟ್ಟೋಕೆ ನಾನು ಬಿಡಲಿಲ್ಲ. ಮುಂದಿನ ಮಳೆವರೆಗೂ ಅದು ಆಫೀಸಿಗೆ ಹೋಗಿ ಬಂತು.

ಅಯ್ಯೋ, ಒಳಗಿನಿಂದ ಕೈ ತೋರಿಸ್ತಿದಾರೆ, ಹೊತ್ತಾಯ್ತು. ಬೇಗ ಹೇಳಿಬಿಡ್ತೀನಿ. ಬೆಂಡೆಕಾಯಿ ಅಡ್ಡ ಕತ್ತರಿಸಿ ಬಣ್ಣಕ್ಕೆ ಅದ್ದಿ ಒತ್ತಿದರೆ ಹೂವು. ಅರಿಶಿನದ ನೀರು ಬಳಿದು ಒಣಗಿಸಿದ ಹಾಳೆ ಮೇಲೆ ಸೋಪಿನ ನೀರಿನ ಬೆರಳಲ್ಲಿ ಗೀಚಿದರೆ ಕೆಂಪು ಗೆರೆ. ಮಕ್ಕಳು ಕಿರುಚ್ತಾರೆ, ಸಿದ್ಧವಾಗಿರಿ. ಎಲೆ ಮೇಲೆ ಹಾಳೆ ಇಟ್ಟು ಕ್ರೇಯಾನ್ ತಿಕ್ಕಬಹುದು, ಅದಕ್ಕೂ ಎಲೆಯ ಬೆನ್ನೇ ಮೇಲಿರಬೇಕು. ಎಕ್ಕ, ಕಣಗಿಲೆ ಬೇಡವೇ ಬೇಡ, ಅವು ವಿಷ, ಬೆರಳು ಬಾಯಿಗೆ ಹೋಗುತ್ತೆ.

ಇನ್ನೊಂದು, ದಯವಿಟ್ಟು ಮಗುವಿನ ಕೈ ಹಿಡಿದು ನೀವೇ ಒತ್ತಬೇಡಿ. ನಿಮಗೆ ಆಸೆಯಾದರೆ ಬೇರೆ ಹಾಳೆ ತಗೊಳ್ಳಿ. ಮತ್ತೆ ಆ ಬ್ರಷ್ ತೊಳೆದ ನೀರನ್ನ ತುಳಸಿ ಕಟ್ಟೆಗೆ ಸುರೀಬೇಡಿ. ನಮಸ್ಕಾರ.