ಖೋಲಾ ಅಂದರೆ ಹೊಳೆ

ಕೇಳುಗರೆಲ್ಲರಿಗೂ ನಮಸ್ಕಾರ.

2019ರ ಹುತ್ತರಿಗೆ, ಅಂದರೆ ನಮ್ಮ ಕೊಡಗಿನ ಸುಗ್ಗಿ ಹಬ್ಬಕ್ಕೆ, ನಾನು ಮನೆಯಲ್ಲಿ ಇರಲಿಲ್ಲ. ಮನೆಯವರೆಲ್ಲ ಕದಿರು ತೆಗೆಯಲು ಗದ್ದೆಗೆ ಇಳಿದ ರಾತ್ರಿ, ನಾನು ನೇಪಾಳದ ಕಾವ್ರೆ ಜಿಲ್ಲೆಯ ಒಂದು ಬೆಟ್ಟದ ಹಳ್ಳಿಯಲ್ಲಿ ಎರಡು ಕಂಬಳಿ ಹೊದ್ದು ಮಲಗಿದ್ದೆ. ಅಲ್ಲಿನ ಸರ್ಕಾರಿ ಶಾಲೆಯ ಗ್ರಂಥಾಲಯದಲ್ಲಿ ಮಕ್ಕಳಿಗೆ ಓದಿನ ರುಚಿ ಹತ್ತಿಸುವ ಕೆಲಸ. ಐದು ವಾರ. ಸಂಬಳ ಇಲ್ಲ.

ದಕ್ಷಿಣ ಕೊಡಗಿನ ಪ್ರಾಥಮಿಕ ಶಾಲೆಗಳಲ್ಲಿ 30 ವರ್ಷ ಪಾಠ ಮಾಡಿ ನಿವೃತ್ತಳಾದವಳು ನಾನು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಠ್ಮಂಡುವಿನಲ್ಲಿ ಕೆಲಸದಲ್ಲಿದ್ದಳು. ಅವಳೇ ಫೋನ್ ಮಾಡಿ ಕರೆದಳು. "ಟೀಚರ್, ಭೂಕಂಪದಲ್ಲಿ ಬಿದ್ದ ಶಾಲೆ ಈಗ ಹೊಸದಾಗಿ ಎದ್ದು ನಿಂತಿದೆ. ಪುಸ್ತಕಗಳೂ ಬಂದಿವೆ. ಓದಿ ಹೇಳುವವರು ಯಾರೂ ಇಲ್ಲ" ಅಂದಳು. 2015ರ ಏಪ್ರಿಲ್ 25ರ ಭೂಕಂಪ ನಿಮಗೂ ನೆನಪಿರಬಹುದು. ತೀವ್ರತೆ 7.8. ಸುಮಾರು ಒಂಬತ್ತು ಸಾವಿರ ಜನ ಸತ್ತರು. 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳೇ ಜರಿದು ಬಂದದ್ದನ್ನು ನೋಡಿದ ಮೇಲೆ ಅಂಥ ಸುದ್ದಿ ನನಗೆ ದೂರದ್ದಾಗಿ ಉಳಿದಿರಲಿಲ್ಲ. ಪರಿಹಾರ ಕೇಂದ್ರದಲ್ಲಿ ಮಕ್ಕಳ ಜೊತೆ ಕೂತಿದ್ದೆ. ಮನೆ ಕಳೆದುಕೊಂಡ ಮಗುವಿಗೆ ಏನು ಹೇಳಬೇಕು ಅಂತ ತಿಳಿಯುತ್ತಿರಲಿಲ್ಲ. ಕಥೆ ಹೇಳುತ್ತಿದ್ದೆ, ಅಷ್ಟೇ.

ಹೋಗುವುದು ಕಷ್ಟ ಆಗಲಿಲ್ಲ. ನಮಗೆ ನೇಪಾಳಕ್ಕೆ ವೀಸಾ ಬೇಡ. ಕೈಗಡಿಯಾರವನ್ನು ಕಾಲು ಗಂಟೆ ಮುಂದಿಟ್ಟರೆ ಆಯಿತು. ಆಗ ಅಲ್ಲಿ ಶನಿವಾರ ರಜೆ, ಭಾನುವಾರ ಶಾಲೆ. ಅದಕ್ಕೆ ಹೊಂದಿಕೊಳ್ಳಲು ಒಂದು ವಾರ ಹಿಡಿಯಿತು.

ಗ್ರಂಥಾಲಯ ಅಂದರೆ ಒಂದು ಕೋಣೆ, ಒಂದು ಬೀರು. ಬೀರುವಿಗೆ ಬೀಗ. ಕೀಲಿ ಹೆಡ್‌ಮಾಸ್ಟರ ಹತ್ತಿರ. ಪುಸ್ತಕ ಕಳೆದರೆ ಅವರೇ ಲೆಕ್ಕ ಕೊಡಬೇಕು. ಅವರನ್ನು ದೂರಲು ನನಗೆ ಬಾಯಿ ಬರಲಿಲ್ಲ. ಸ್ಟಾಕ್ ರಿಜಿಸ್ಟರ್‌ಗೆ ಹೆದರಿ ನಾನೂ ವರ್ಷಗಟ್ಟಲೆ ಬೀಗ ಹಾಕಿಟ್ಟವಳೇ. ಗ್ರಂಥಾಲಯ ವಿಜ್ಞಾನದ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟರು. ಅವರು ಕೊನೆಗಾಲ ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ಆ ಐದರಲ್ಲಿ ಮೊದಲನೆಯದು: ಪುಸ್ತಕ ಇರುವುದು ಬಳಸುವುದಕ್ಕೆ. ಇದನ್ನು ಟಿಸಿಎಚ್, ಅಂದರೆ ಶಿಕ್ಷಕರ ತರಬೇತಿ, ಓದುವಾಗ ಬಾಯಿಪಾಠ ಮಾಡಿದ್ದೆ, ಆದರೆ ಬೀಗ ತೆಗೆದಿರಲಿಲ್ಲ.

ಅಲ್ಲಿ ತೆಗೆಸಿದೆವು. ಗೋಡೆಗೆ ಉದ್ದಕ್ಕೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕಿದ ಹಾಗೆ ಪುಸ್ತಕಗಳನ್ನು ತೂಗುಹಾಕಿದೆವು. ಬೀರುವಿನಲ್ಲಿ ಬೆನ್ನು ಮಾತ್ರ ಕಾಣುವ ಪುಸ್ತಕವನ್ನು ಚಿಕ್ಕ ಮಗು ಮುಟ್ಟುವುದಿಲ್ಲ. ಮುಖಪುಟದಲ್ಲಿ ಕರಡಿ ಕಂಡರೆ ತಾನಾಗಿ ಬರುತ್ತದೆ. ಮನೆಗೆ ಒಯ್ಯುವವರು ಒಂದು ನೋಟ್‌ಬುಕ್ಕಿನಲ್ಲಿ ತಮ್ಮ ಕೈಯಿಂದಲೇ ಹೆಸರು ಬರೆಯಬೇಕು. ಬರೆಯಲು ಬಾರದವರು ಒಂದು ಚಿತ್ರ ಬಿಡಿಸಬೇಕು. ಐದು ವಾರದಲ್ಲಿ ಕಳೆದದ್ದು ಎರಡೇ ಪುಸ್ತಕ. ಅದರಲ್ಲಿ ಒಂದನ್ನು ಮೇಕೆ ತಿಂದಿತ್ತು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ.

ನೇಪಾಳಿ ಬರೆಯುವುದು ದೇವನಾಗರಿ ಲಿಪಿಯಲ್ಲಿ. ಹಿಂದಿ ಕಲಿತ ನನಗೆ ಆ ಅಕ್ಷರ ಬರುತ್ತದೆ. ಮೊದಲ ದಿನ ಧೈರ್ಯವಾಗಿ ಒಂದು ಕರಡಿಯ ಕಥೆ ಓದಿದೆ. ಒಂದು ಸಾಲಿನಲ್ಲಿ 'ಖೋಲಾ' ಅಂತ ಇತ್ತು. ಹಿಂದಿಯಲ್ಲಿ ಖೋಲಾ ಅಂದರೆ ತೆರೆದ. ಕರಡಿ ಬಾಗಿಲು ತೆರೆಯಿತು ಅಂತ ನಾನು ಕೈ ಆಡಿಸಿ ತೋರಿಸಿದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಒಬ್ಬ ಹುಡುಗ ಎದ್ದು ಬಂದು ನನ್ನ ಕೈ ಹಿಡಿದು ಕಿಟಕಿಯ ಹತ್ತಿರ ಕರೆದುಕೊಂಡು ಹೋದ. ಕೆಳಗೆ ಕಣಿವೆಯಲ್ಲಿ ಹರಿಯುವ ನೀರನ್ನು ತೋರಿಸಿದ. "ಖೋಲಾ" ಅಂದ. ಖೋಲಾ ಅಂದರೆ ಹೊಳೆ. ಕರಡಿ ಹೊಳೆ ದಾಟಿತ್ತು.

ನಾನು ಒಂದು ಅಕ್ಷರವೂ ತಪ್ಪದೆ ಓದಿದ್ದೆ. ಕಥೆ ಮಾತ್ರ ತಿಳಿದಿರಲಿಲ್ಲ.

ಆಗ ನನಗೆ ನಮ್ಮ ಹಾಡಿಯ, ಅಂದರೆ ಆದಿವಾಸಿ ಕೇರಿಯ, ಮಕ್ಕಳು ನೆನಪಾದರು. ಮನೆಯಲ್ಲಿ ಯರವ ಭಾಷೆ ಆಡಿ ಒಂದನೇ ಕ್ಲಾಸಿಗೆ ಬರುವ ಮಕ್ಕಳು. ಎರಡು ವರ್ಷದಲ್ಲಿ ಕನ್ನಡ ಅಕ್ಷರ ಕಲಿಯುತ್ತಿದ್ದರು. ಗಟ್ಟಿಯಾಗಿ ಓದುತ್ತಿದ್ದರು. 'ಸರಾಗವಾಗಿ ಓದುತ್ತಾನೆ' ಅಂತ ನಾನು ಎಷ್ಟು ಜನರಿಗೆ ಬರೆದುಕೊಟ್ಟಿದ್ದೇನೋ. ಆದರೆ ಪಾಠದಲ್ಲಿ ನಗುವಂಥದ್ದು ಬಂದಾಗ ಅವರು ನಗುತ್ತಿರಲಿಲ್ಲ. ಸ್ವಭಾವವೇ ಮೌನ ಅಂತ ನಾವು ಟೀಚರ್‌ಗಳು ಮಾತಾಡಿಕೊಳ್ಳುತ್ತಿದ್ದೆವು. ನಾನೂ ಮನೆಯಲ್ಲಿ ಅರೆಭಾಷೆ ಆಡಿ ಬೆಳೆದವಳು. ಅರೆಭಾಷೆ ಕನ್ನಡಕ್ಕೆ ಹತ್ತಿರ, ಹೇಗೋ ದಾಟಿಬಿಟ್ಟೆ. ಎಲ್ಲರೂ ಹಾಗೇ ದಾಟುತ್ತಾರೆ ಅಂದುಕೊಂಡಿದ್ದೆ.

ಆ ಹಳ್ಳಿಯಲ್ಲೂ ಮನೆಮಾತು ನೇಪಾಳಿ ಅಲ್ಲ, ತಮಾಂಗ್. ಒಂದನೇ ಕ್ಲಾಸಿನ ಒಂದು ಹುಡುಗಿ ಕಥೆ ಕೇಳುವಾಗ ಸುಮ್ನೆ ಕೂತಿರುತ್ತಿದ್ದಳು. ಒಂದು ದಿನ ಅವಳ ಅಕ್ಕ ಪಕ್ಕದಲ್ಲಿ ಕೂತು ಪ್ರತಿ ಸಾಲನ್ನೂ ತಮಾಂಗ್‌ನಲ್ಲಿ ಕಿವಿಯಲ್ಲಿ ಹೇಳಿದಳು. ಎಲ್ಲರೂ ನಕ್ಕು ಮುಗಿಸಿದ ಮೇಲೆ ಈ ಮಗು ಒಬ್ಬಳೇ ನಕ್ಕಳು. ಜೋರಾಗಿ, ಹೊಟ್ಟೆ ಹಿಡಿದುಕೊಂಡು. ಆ ತಡವಾಗಿ ಬಂದ ನಗು ಈಗಲೂ ನನ್ನ ಕಿವಿಯಲ್ಲಿದೆ.

ಮಾರನೇ ದಿನದಿಂದ ಕ್ರಮ ಬದಲಾಯಿಸಿದೆವು. ದೊಡ್ಡ ಮಕ್ಕಳು ಮೊದಲು ತಮಾಂಗ್‌ನಲ್ಲಿ ಕಥೆ ಹೇಳುವುದು. ಆಮೇಲೆ ನೇಪಾಳಿ ಪುಸ್ತಕ ಓದುವುದು. ಹೊಸ ಖರ್ಚು ಒಂದು ರೂಪಾಯಿಯೂ ಆಗಲಿಲ್ಲ.

ನಮ್ಮ ಹುಡುಗ ಹುಡುಗಿಯರಲ್ಲಿ ಇಂಥ ಕೆಲಸಕ್ಕೆ ಹೊರದೇಶಕ್ಕೆ ಹೋಗುವ ಆಸೆ ಇರುವವರಿಗೆ ಒಂದು ಮಾತು. ಹತ್ತು ದಿನಕ್ಕೆ ಹೋಗಬೇಡಿ. ಮಕ್ಕಳಿಗೆ ನಿಮ್ಮ ಮುಖ ಪರಿಚಯ ಆಗುವಷ್ಟರಲ್ಲಿ ಹೊರಟುಬಿಡುತ್ತೀರಿ. ಸಂಬಳ ಇಲ್ಲದ ಕೆಲಸಕ್ಕೂ ಕೆಲವು ದೇಶಗಳಲ್ಲಿ ಬೇರೆ ವೀಸಾ ಬೇಕಾಗುತ್ತದೆ, ವಿಚಾರಿಸಿಕೊಳ್ಳಿ. ಇಂಗ್ಲಿಷ್ ಪುಸ್ತಕದ ಪೆಟ್ಟಿಗೆ ಹೊತ್ತುಕೊಂಡು ಹೋಗಬೇಡಿ. ಆ ಶಾಲೆಯ ಮೂಲೆಯಲ್ಲಿ ಅಂಥ ಮೂರು ಪೆಟ್ಟಿಗೆ ಇದ್ದವು, ಯಾರೂ ಬಿಚ್ಚಿರಲಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಮಕ್ಕಳ ಕಥೆಗಳು ಕನ್ನಡದಲ್ಲೂ ಇವೆ, ನೇಪಾಳಿಯಲ್ಲೂ ಇವೆ. ದುಡ್ಡು ಕೊಡಬೇಕಿಲ್ಲ, ಪ್ರಿಂಟ್ ತೆಗೆದುಕೊಳ್ಳಬಹುದು. ಮತ್ತೆ, ಅಲ್ಲಿನ ಟೀಚರ್ ಒಬ್ಬರಾದರೂ ನಿಮ್ಮ ಜೊತೆ ದಿನಾ ಕೂರಬೇಕು. ನೀವು ವಾಪಸ್ ಬಂದ ಮೇಲೂ ಆ ಕೋಣೆಯ ಬಾಗಿಲು ತೆರೆಯುವವರು ಅವರೇ ಅಲ್ವಾ?

ನಾನು ವಾಪಸ್ ಬಂದಾಗ ಕಾಫಿ ಕೊಯ್ಲು ಜೋರಾಗಿತ್ತು. ನಮ್ಮಲ್ಲಿ ಕೊಯ್ಲಿನ ಕಾಲಕ್ಕೆ ಎಷ್ಟೋ ಮಕ್ಕಳು ಶಾಲೆ ಬಿಟ್ಟು ಅಪ್ಪ ಅಮ್ಮನ ಜೊತೆ ತೋಟಕ್ಕೆ ಹೋಗುತ್ತಾರೆ. ಅಂಥ ಕಡೆ ಸಂಜೆ ತೋಟದ ಕೆಲಸಗಾರರ ಲೈನ್ ಮನೆಗಳ ಜಗಲಿಗೇ ಕಥೆ ಹೇಳಲು ಹೋದೆ. ಆಮೇಲೆ ಕೊರೊನಾ ಬಂತು, ಎಲ್ಲ ನಿಂತಿತು. ಈಗ ಮತ್ತೆ ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಊರ ಹಾಡಿಯಲ್ಲಿ ಸೇರುತ್ತೇವೆ. ಪುಸ್ತಕ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದ್ದು. ಪಿಯುಸಿ ಓದುತ್ತಿರುವ ಯರವರ ಹುಡುಗಿಯೊಬ್ಬಳು ಕಥೆಯನ್ನು ಮೊದಲು ತನ್ನ ಭಾಷೆಯಲ್ಲಿ ಹೇಳುತ್ತಾಳೆ. ಮಕ್ಕಳು ನಗುತ್ತಾರೆ. ಆಮೇಲೆ ನಾನು ಕನ್ನಡದಲ್ಲಿ ಓದುತ್ತೇನೆ. ಅದೇ ಜಾಗಕ್ಕೆ ಬಂದಾಗ ಮತ್ತೊಮ್ಮೆ ನಗುತ್ತಾರೆ, ನಾನು ಓದುವುದಕ್ಕೂ ಮೊದಲೇ.

ಕಳೆದ ಭಾನುವಾರ ಕರಡಿಯ ಕಥೆ ಹೇಳಿದೆ. ನಿಮ್ಮ ಮಾತಿನಲ್ಲಿ ಹೊಳೆಗೆ ಏನಂತೀರಿ ಅಂತ ಕೇಳಿದೆ. ಹೇಳಿಕೊಟ್ಟರು. ನಾನು ಹೇಳಿದೆ. "ಹಾಗಲ್ಲ ಟೀಚರ್" ಅಂದ ಒಬ್ಬ. ಮೂರು ಸಲ ಹೇಳಿಸಿದರು. ಈ ಭಾನುವಾರ ಮತ್ತೆ ಕೇಳುತ್ತಾರಂತೆ.

ನಮಸ್ಕಾರ.